ಅಡಿಯ ತಗಡು

ಬೇಕಾದ ತಗಡು ಯಾವತ್ತೂ ಅಡಿಯಲ್ಲೇ ಇರುತ್ತದೆ.
ಸಲ್ಮಾಬಾದಿನ ನಮ್ಮ ಶೆಡ್ಡಿನ ಮೊದಲ ನಿಯಮ ಇದು,
ಬೋರ್ಡಿನಲ್ಲಿ ಯಾರೂ ಬರೆದದ್ದಲ್ಲ.

ಗೋಡೆಗೆ ಒರಗಿದ ಸಾಲು: ಮುಂದೆ ಮೂರು ಎಂಎಂ ಕರಿ ತಗಡು,
ಅದರ ಬೆನ್ನಿಗೆ ಅಲ್ಯೂಮಿನಿಯಂ, ಅದರ ಬೆನ್ನಿಗೆ
ಯಾರೋ ಮರೆತ ಸ್ಟೀಲು, ಎಲ್ಲಕ್ಕೂ ಹಿಂದೆ
ಇವತ್ತಿನ ಟ್ಯಾಂಕಿಗೆ ಬೇಕಾದ ಎರಡು ಎಂಎಂ ಜೀಐ.

ಮೊಫಿಜುಲ್ ಒಂದು ಮೂಲೆ, ನರಪ್ರಸಾದ ಒಂದು ಮೂಲೆ,
ಗುಲ್ ನವಾಜ್ ಮತ್ತವನ ಭಾವಮೈದ ಉಳಿದೆರಡು.
ಐಲೇಸಾ ಇಲ್ಲ ಇಲ್ಲಿ. ಒಬ್ಬ ಬಂಗಾಳಿಯಲ್ಲಿ ಎಣಿಸುತ್ತಾನೆ,
ಒಬ್ಬ ಪಶ್ತೋದಲ್ಲಿ ಬೈಯುತ್ತಾನೆ,
ತಗಡು ಮಾತ್ರ ಎಲ್ಲರ ಭಾಷೆಯಲ್ಲೂ ಡೊಂಯ್ ಎನ್ನುತ್ತದೆ.
ಜುಲೈಯಲ್ಲಿ ಅದು ದೋಸೆಕಾವಲಿ;
ಕೈಗವಸಿನೊಳಗೆ ಇನ್ನೊಂದು ಕೈಗವಸು.

ನಾನು ಸ್ಟೋರಿನ ಸಿಕ್ವೇರ. ನನ್ನ ಕೆಲಸ ಎಣಿಸುವುದು.
ಒಂದು ಮಂಗಳವಾರ, ಒಂದೇ ತಗಡಿನ ಮೂಲೆಗೆ
ಸೀಮೆಸುಣ್ಣದ ಚುಕ್ಕೆ ಇಟ್ಟು ಹಿಂಬಾಲಿಸಿದೆ, ಪತ್ತೇದಾರನ ಹಾಗೆ:
ಲಾರಿಯಿಂದ ಅಂಗಳಕ್ಕೆ, ಅಂಗಳದಿಂದ ಗೋಡೆಗೆ,
ಗೋಡೆಯಿಂದ ದಾರಿಗೆ (ಹಿಂದಿನದು ಬೇಕಿತ್ತು),
ದಾರಿಯಿಂದ ಮತ್ತೆ ಗೋಡೆಗೆ, ಫೋರ್ಕ್‌ಲಿಫ್ಟ್ ಹೋಗಲೆಂದು;
ಆಮೇಲೆ ಎರಡು ಸಲ, ಯಾಕೆಂದು ಯಾರಿಗೂ ನೆನಪಿಲ್ಲ;
ಏಳನೆಯ ಸಲಕ್ಕೆ ಕತ್ತರಿಸುವ ಮಿಷನ್ನಿನ ಬಾಯಿಗೆ.
ಒಂದರ ತೂಕ ನಲವತ್ತೇಳು ಕಿಲೊ. ಗುಣಿಸಿ ನೋಡಿ.
ನಾನು ಗುಣಿಸಿದೆ, ಪೆನ್ನು ಕೆಳಗಿಟ್ಟೆ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಹೊತ್ತವರು.
ಹೆಗಲು ಒಂದು ಬದಿಗೆ ಇಳಿದಿತ್ತು; ದರ್ಜಿ
ಅಂಗಿ ಹೊಲಿಯುವಾಗ ಕೇಳದೆಯೇ
ಅದನ್ನೂ ಅಳತೆಗೆ ಸೇರಿಸುತ್ತಿದ್ದ.
ಕೂಲಿ, ಹೊತ್ತದ್ದಕ್ಕಲ್ಲ, ಒಡೆಯದೆ ಇಳಿಸಿದ್ದಕ್ಕೆ.

ಎಂಟು ಶುಕ್ರವಾರ ಹೋಯಿತು.
ಗುಜರಿಯ ಆಂಗಲ್, ಮುರಿದ ಕನ್ವೇಯರಿನ ರೋಲರು,
ಗುಲ್ ನವಾಜನ ವೆಲ್ಡಿಂಗು, ನನ್ನ ಕೆಟ್ಟ ನಕ್ಷೆ.
ರ್ಯಾಕು ನಿಂತಿತು. ಪ್ರತಿ ದಪ್ಪಕ್ಕೂ ಎಳೆದರೆ ಬರುವ ಖಾನೆ,
ಭಾರದ್ದು ಕೆಳಗೆ, ತೆಳ್ಳಗಿನದು ಮೇಲೆ,
ಮಿಷನ್ನಿಗೆ ಒಂದೂವರೆ ಮಾರು ದೂರ.
ತಗಡನ್ನು ಹೀರಿ ಎತ್ತುವ ಪುಟ್ಟ ಕ್ರೇನು;
ಅದೊಂದಕ್ಕೆ ದುಡ್ಡು ಕೇಳಬೇಕಾಯಿತು.

ಏಳು ಎರಡಾಯಿತು.

ಜಾಸಿಂ ಸಾಹೇಬರು ಬಂದು ಒಂದು ಖಾನೆ ಎಳೆದರು, ತಳ್ಳಿದರು,
ಮಕ್ಕಳ ಹಾಗೆ ಮತ್ತೊಮ್ಮೆ ಎಳೆದರು.
ಆಮೇಲೆ ಕೇಳಿದರು: ಎಷ್ಟು ಜನ ಕಡಿಮೆ ಮಾಡಬಹುದು?

ಅದನ್ನು ನಾನು ಎಣಿಸಿರಲಿಲ್ಲ ಎಂದರೆ ಸುಳ್ಳು.
ಕಾಗದದಲ್ಲಿ ಬರೆದೆ: ಕಡಿಮೆಯಾದದ್ದು
ತಗಡಿಗೆ ಐದು ಸಲ ಎತ್ತುವುದು,
ತಿಂಗಳಿಗೆ ಮೂರು ಡಜನ್ ಕೈಗವಸು,
ಗೀರು ಬಿದ್ದು ವಾಪಸಾಗುತ್ತಿದ್ದ ಹನ್ನೊಂದು ಹಾಳೆ.
ಜನ ಎಂಬ ಖಾನೆ ಖಾಲಿ ಬಿಟ್ಟೆ.
ಅವರೇ ತುಂಬಿದರು: ಒಂದು.

ನರಪ್ರಸಾದ ಈಗ ಹಿದ್ದ್‌ನ ಸೈಟಿನಲ್ಲಿ ಪೈಪು ಹೊರುತ್ತಾನೆ.
ರಜೆಯ ದಿನ ಫೋನು ಮಾಡಿ
ಮೂರನೆಯ ಖಾನೆ ಇನ್ನೂ ಕಿರುಗುಟ್ಟುತ್ತದಾ ಎಂದು ವಿಚಾರಿಸುತ್ತಾನೆ.
ಗ್ರೀಸು ಹಾಕಿದ್ದೇನೆ ಮಾರಾಯ, ಎನ್ನುತ್ತೇನೆ.

ನಾಲ್ಕು ಗಂಟೆಗೆ ಚಹಾ.
ಮೊಫಿಜುಲನ ಗ್ಲಾಸಿಗೆ ಹುಡುಗ ಮೊದಲಿಂದಲೂ ಅರ್ಧವೇ ಹೊಯ್ಯುವುದು,
ಎತ್ತಿ ಎತ್ತಿ ನಡುಗುವ ಕೈ, ಚೆಲ್ಲುತ್ತಿತ್ತು.
ಈಗ ನಡುಕವಿಲ್ಲ. ಹುಡುಗನಿಗೆ ರೂಢಿ ಬಿಡದು,
ಅರ್ಧಕ್ಕೆ ನಿಲ್ಲಿಸಿ ಮುಂದಿನವನತ್ತ ತಿರುಗುತ್ತಾನೆ.
ಮೊಫಿಜುಲ್ ಗ್ಲಾಸು ಹಿಂದೆಗೆಯುವುದಿಲ್ಲ,
ಸುಮ್ಮನೆ ಹಿಡಿದೇ ಇರುತ್ತಾನೆ.