ಮುಲ್ಕಿಯಾ

ಮುಲ್ಕಿ ಅಂದರೆ ನಮ್ಮೂರ ಬಸ್‌ಸ್ಟ್ಯಾಂಡು,
ಮುಲ್ಕಿಯಾ ಅಂದರೆ ಇಲ್ಲಿ ಕಾರಿನ ಕಾಗದ.
ರುವಿಗೆ ಬಂದು ಹದಿನಾರು ವರ್ಷವಾದರೂ
ಆ ಒಂದು ‘ಯಾ’ ನನ್ನ ನಾಲಗೆಗೆ ಹತ್ತಿಲ್ಲ.

ತಪಾಸಣೆಯವನು ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದ,
ಮಗುವಿನ ಹಾಲುಹಲ್ಲು ಅಲ್ಲಾಡಿಸುವ ಹಾಗೆ.
ಟಕ್ ಅಂತು ಒಳಗೆಲ್ಲೋ.
ಫೇಲ್.

ಶುಕ್ರವಾರ, ಬೆಳಗಿನ ಐದೂವರೆ.
ಬೋಳುಗುಡ್ಡದ ಆಚೆ ಸೂರ್ಯ ಇನ್ನೂ ತಯಾರಾಗುತ್ತಿದ್ದಾನೆ;
ಆಮೇಲೆ ಸ್ಪ್ಯಾನರ್ ಮುಟ್ಟಿದರೆ ಕೈ ಸುಡುತ್ತದೆ.
ವಾದಿ ಕಬೀರಿನಲ್ಲಿ ಚೌಕಾಶಿ ಮಾಡಿ ತಂದ
ಟೈ ರಾಡ್ ಎಂಡು ಎರಡು, ಎಣ್ಣೆಕಾಗದದಲ್ಲಿ
ಹಲ್ವದ ಹಾಗೆ ಸುತ್ತಿಟ್ಟದ್ದು.

ಹಳೆಯದರ ರಬ್ಬರು ಹರಿದಿದೆ, ಗ್ರೀಸಿನಲ್ಲಿ ಮರಳು.
ಕಾಟರ್ ಪಿನ್ನು ತುಂಡಾಗಿ ಬಂತು, ನಟ್ಟು ಬಂತು,
ಗೂಟ ಮಾತ್ರ ಜಪ್ಪಯ್ಯ ಅಂದರೂ ಬರಲೊಲ್ಲದು.
ಎರಡನೇ ಮಾಳಿಗೆಯ ಗುಲ್ ಜಮಾನ್
ಹಲ್ಲುಜ್ಜುತ್ತಲೇ ಇಳಿದು ಬಂದ:
‘ಅದಕ್ಕಲ್ಲ ಮಾರಾಯ, ಅದು ಕೂತ ಮನೆಗೆ ಹೊಡಿ.’
ಮೂರನೇ ಪೆಟ್ಟಿಗೆ ಮನೆ ಬಿಟ್ಟುಕೊಟ್ಟಿತು.

ಈಗ ತಿರುಗಿಸಿ ಬಿಚ್ಚಬೇಕು, ಸುತ್ತು ಎಣಿಸಬೇಕು.
ಹಳೆಯದು ಎಷ್ಟು ಸುತ್ತಿಗೆ ಹೊರಬಂತೋ
ಹೊಸದು ಅಷ್ಟೇ ಸುತ್ತಿಗೆ ಒಳಹೋಗಬೇಕು.
ಎಣಿಸಲು ವಾರಿಜ, ನೈಟಿಯ ಮೇಲೆ ಟವೆಲು ಹೊದ್ದು,
ದಿನವಿಡೀ ಕ್ಯಾಶ್ ಕೌಂಟರಿನಲ್ಲಿ ಬೈಸಾ ಎಣಿಸುವವಳು.
ಒಂಜಿ, ರಡ್ಡ್, ಮೂಜಿ...
ಪದಿನಾಲ್ ಆಗುವಾಗ ನೀರಿನ ಟ್ಯಾಂಕರು
ಹಿಂದಿನಿಂದ ಬೊಬ್ಬೆ ಹೊಡೆಯಿತು.
ಅವಳು ತಿರುಗಿ ನೋಡಿದಳು. ನನ್ನ ಕೈ ನಿಲ್ಲಲಿಲ್ಲ.

ಪದಿನೈನೋ, ಪದಿನಾಜಿಯೋ?
‘ತಿರುಗಿಸಿದ್ದು ನೀವಲ್ಲವಾ?’
‘ಎಣಿಸಿದ್ದು ನೀನಲ್ಲವಾ?’
ಊರಿಗೆ ಹೋಗಿ ಎರಡು ವರ್ಷವೋ ಮೂರೋ
ಎಂಬ ಲೆಕ್ಕವೂ ನಮ್ಮಲ್ಲಿ ಹೀಗೇ ತಪ್ಪಿದ್ದು.

ಡಿಕ್ಕಿಯಲ್ಲಿ ತಂಗೂಸಿ ಇತ್ತು,
ಮತ್ರಾದ ಕಟ್ಟೆಯಲ್ಲಿ ಗಾಳಕ್ಕೆಂದು ಇಟ್ಟದ್ದು.
ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಬಿಗಿದು ಎಳೆದೆ,
ಕಣ್ಣು ನೆಲಕ್ಕಿಟ್ಟು ನೋಡಿದೆ.
ಅಪ್ಪ ದೋಣಿಯ ಚುಕ್ಕಾಣಿಗೆ ಒಂದು ಬೆರಳು ಸಡಿಲ ಬಿಡುತ್ತಿದ್ದ,
ಪೂರಾ ಬಿಗಿದರೆ ನೀರು ಹೇಳುವುದು ಕೈಗೆ ಕೇಳದು, ಅನ್ನುತ್ತಿದ್ದ.
ಡಾಂಬರಿಗೆ ಆ ಮಾತು ಸಲ್ಲದು. ತಪಾಸಣೆಯವನಿಗೂ.
ಅರ್ಧ ಸುತ್ತು ಒಳಗೆ, ಕಾಲು ಸುತ್ತು ಹೊರಗೆ,
ಟ್ಯಾಂಕರಿನವನಿಗೆ ಕೈಮುಗಿದು, ಲಾಕ್ ನಟ್ಟು ಬಿಗಿದೆ.

ಸಮುದ್ರದ ಬದಿಯ ರಸ್ತೆಯಲ್ಲಿ ಕೈಬಿಟ್ಟು ನೋಡಿದರೆ
ಕಾರು ನೇರ ಹೋಗುತ್ತದೆ,
ಸ್ಟೀರಿಂಗು ಮಾತ್ರ ಸ್ವಲ್ಪ ಎಡಕ್ಕೆ ವಾಲಿ,
ಕಿವಿ ಮಂದವಾದವನು ತಲೆ ಓರೆ ಮಾಡಿದ ಹಾಗೆ.

ವಾರಿಜ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು:
‘ಪದಿನೈನೇ ಆಗಿತ್ತು.’