ಕನ್ನಡಿ ಕೆಡಿಸುವುದು

ಏನು ಓದುತ್ತೀ ಎಂದು ಕೇಳಿದರು ಅಜ್ಜಿಯ ಇಸ್ಪೀಟಿನ ಗೆಳತಿಯರು.
ಅನ್ಯಗ್, ಎಂದೆ.
ಈ ಸೀಮೆಯ ಮಾತಿನಲ್ಲಿ ಅದು
ಲೋಹ, ಗಾಜು, ಮಣ್ಣು, ಎಲ್ಲ ದ್ರವ್ಯಕ್ಕೂ ಹೆಸರು;
ಥಾನಿನಿಂದ ಹರಿದು ಕೊಡುವ ಬಟ್ಟೆಗೂ ಅದೇ ಹೆಸರು.
ಒಳ್ಳೆಯದಾಯಿತು, ಪರದೆ ಹೊಲಿಸುವುದಿತ್ತು, ಎಂದಳೊಬ್ಬಳು
ಎಲೆ ಎಸೆಯುತ್ತಾ.

ಪದ ಬಿಡಿಸಿದರೆ ಒಳಗೆ ‘ಅನ್ಯ’ ಸಿಗುತ್ತದೆ.
ಅನ್ಯ ಎಂದರೆ ಇಲ್ಲಿ ಅಮ್ಮ.
ಯಾರೂ ಪಾಠದಲ್ಲಿ ಹೇಳಲಿಲ್ಲ ಇದನ್ನು,
ಬಸ್ಸಿನ ಮಂಜುಗಟ್ಟಿದ ಗಾಜಿನ ಮೇಲೆ ಬರೆದು ನೋಡುವಾಗ
ಕೊನೆಯ ಅಕ್ಷರ ಸೋರಿಹೋಗಿ ತಿಳಿಯಿತು.

ಹತ್ತೊಂಬತ್ತು ಜನ ಸೇರಿದ್ದೆವು ಮಿಷ್ಕೊಲ್ಟ್ಸಿನ ಆ ವಿಭಾಗಕ್ಕೆ.
ಉಷ್ಣಗತಿಶಾಸ್ತ್ರ ಎಂಟು ಜನರನ್ನು ತಿಂದಿತು,
ನಾಲ್ವರು ತಾವಾಗಿಯೇ ಕಂಪ್ಯೂಟರಿನ ಕಡೆ ಹೊರಟರು.
ಮೌಖಿಕ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು:
ನನಗೆ ಎರಡು ಸಲವೂ ಹನ್ನೊಂದನೆಯದೇ, ವಿಸರಣ.
ಘನದೊಳಗೆ ಪರಮಾಣು ಹೇಗೆ ನಡೆಯುತ್ತದೆ?
ಪಕ್ಕದ ಜಾಗ ಖಾಲಿ ಇದ್ದರೆ ನಡೆಯುತ್ತದೆ, ಎಂದೆ.
ಮುಂದೆ? ಎಂದರು.
ಮುಂದೆ ನಾನೇ ಒಂದು ಖಾಲಿ ಜಾಗ.

ಕಾದಾಗ ಬಡಿ ಎನ್ನುತ್ತದೆ ಗಾದೆ.
ಇಲ್ಲಿ ಕಲಿಸುವುದು ಹೆಚ್ಚಾಗಿ ಆರುವುದನ್ನು:
ಎಣ್ಣೆಯಲ್ಲೋ, ನೀರಲ್ಲೋ,
ಕುಲುಮೆಯೊಳಗೇ ರಾತ್ರಿಯಿಡೀ ಮೆಲ್ಲಗೋ.
ಮೂರನೆಯ ಸಲ ನಾನು ಪಾಸಾದದ್ದು ಹಾಗೆ, ಮೆಲ್ಲಗೆ.

ಬುಧವಾರ ಮಧ್ಯಾಹ್ನ ನೆಲಮಾಳಿಗೆ.
ಅಲ್ಲಿಯ ಒಡತಿ ಒತ್ತೀಲಿಯಾ,
ದಿಯೋಷ್‌ದ್ಯೋರಿನ ಕಾರ್ಖಾನೆ ಬಾಗಿಲು ಹಾಕುವವರೆಗೆ
ಅಲ್ಲೇ ದುಡಿದವಳು.
ಉಕ್ಕು ಉಕ್ಕುವುದನ್ನು ಕಂಡ ಕಣ್ಣು,
ಈಗ ನಮಗೆ ಮರಳುಕಾಗದ ಎಣಿಸಿ ಕೊಡುತ್ತದೆ:
ಇನ್ನೂರನಲವತ್ತು, ನಾನೂರು, ಎಂಟುನೂರು, ಸಾವಿರದಿನ್ನೂರು.
ಕಾಗದ ಬದಲಿಸಿದಾಗಲೆಲ್ಲ ತುಂಡನ್ನು ಕಾಲುಸುತ್ತು ತಿರುಗಿಸು.
ಹಳೆಯ ಗೀರು ಹೊಸ ಗೀರಿನಿಂದಲೇ ಹೋಗಬೇಕು.
ಬೆರಳ ತುದಿ ಸವೆದು ನನ್ನ ಫೋನು ನನ್ನನ್ನು ಗುರುತಿಸುವುದಿಲ್ಲ.
ಬೊರೋಕಾಳ ತುಂಡು ಕೈಜಾರಿ ಮೋರಿಗೆ ಬಿತ್ತು,
ಅವಳು ಬೈದದ್ದು ಬರೆಯುವಂಥದ್ದಲ್ಲ.

ಕೊನೆಗೆ ವಜ್ರದ ಲೇಪ, ಮಖಮಲ್ಲಿನ ಚಕ್ರ.
ನನ್ನ ರೆಪ್ಪೆ ಎಣಿಸಬಹುದು, ಅಷ್ಟು ಹೊಳಪು.
ಸೂಕ್ಷ್ಮದರ್ಶಕದ ಕೆಳಗಿಟ್ಟೆ:
ಬಿಳಿ. ಬರೀ ಬಿಳಿ.
ಅಲ್ಲೊಂದು ಇಲ್ಲೊಂದು ಬೂದು ಎಳೆ, ಅಷ್ಟೆ.

ಚೆನ್ನಾಗಿ ಕನ್ನಡಿ ಮಾಡಿದ್ದೀ, ಎಂದಳು. ಇನ್ನು ಕೆಡಿಸು.

ಆಮ್ಲ ಬೆರೆಸಿದ ಸ್ಪಿರಿಟ್ಟು, ಹತ್ತಿಯ ಉಂಡೆ,
ಐದು ಎಣಿಸುವಷ್ಟು ಹೊತ್ತು.
ಉಸಿರು ಬಿದ್ದ ಹಾಗೆ ಮಬ್ಬಾಯಿತು.
ತೊಳೆದು, ಕೂದಲೊಣಗಿಸುವ ಯಂತ್ರದ ಗಾಳಿ ಹಿಡಿದು, ಮತ್ತೆ ಇಟ್ಟೆ.

ಊರಿಗೆ ಊರೇ ಇತ್ತು ಅಲ್ಲಿ.
ಬೇಲಿ, ಬೇಲಿಗೆ ತಾಗಿ ಬೇಲಿ, ಒಂದೂ ನೆಟ್ಟಗಿಲ್ಲ;
ಬಿಳಿಯ ಹೊಲ; ಉತ್ತು ಬಿಟ್ಟಂತೆ ಸಾಲುಸಾಲು ಕಪ್ಪು ಹೊಲ.
ಆಮ್ಲ ಮೊದಲು ತಿನ್ನುವುದು ಗಡಿಗಳನ್ನು, ಎಂದಳು,
ಅದಕ್ಕೇ ಕಾಣುತ್ತವೆ.

ಬೂದು ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು.
ರೋಲರುಗಳ ನಡುವೆ ಎಳೆದ ದಿಕ್ಕು.
ಕಣ್ಣು ಬಹಳ ಹೊತ್ತು ಅಲ್ಲೇ ಇಟ್ಟಿದ್ದಳು.
ಇದು ನಮ್ಮದು. ರಾತ್ರಿ ಪಾಳಿಯದು.
ಪಾಳಿ ಇದರಲ್ಲಿ ಗೊತ್ತಾಗುವುದಿಲ್ಲವಲ್ಲ, ಎಂದೆ.
ಇಲ್ಲ, ಗೊತ್ತಾಗುವುದಿಲ್ಲ, ಎಂದು ದೀಪ ಆರಿಸಿ
ಕಾಗದದ ಪೊಟ್ಟಣದಿಂದ ಪೊಗಾಚ ತೆಗೆದು
ಅರ್ಧ ನನಗೆ ಮುರಿದು ಕೊಟ್ಟಳು.

ಭಾನುವಾರ ಅಜ್ಜಿ ಹೊಲಿಗೆಯಂತ್ರದ ಸೂಜಿ ತಂದಳು, ಎರಡು ತುಂಡು.
ಪರದೆಯ ದಪ್ಪ ಬಟ್ಟೆಯಲ್ಲಿ ಮುರಿಯಿತಂತೆ.
ಅನ್ಯಗ್ ಓದುತ್ತೀಯಲ್ಲ, ಯಾಕೆ ಮುರಿಯಿತು ಹೇಳು,
ಎಂದು ತುಂಡಿಗೆ ತುಂಡು ಕೂಡಿಸಿ ತೋರಿಸಹೋದಳು.
ಜೋಡಿಸಬೇಡ! ಎಂದು ಕೂಗಿಯೇಬಿಟ್ಟೆ.
ಬೆಚ್ಚಿದಳು.
ಮುರಿದ ಮುಖಕ್ಕೆ ಮುಖ ತಾಗಬಾರದು, ಎಂದೆ ಮೆತ್ತಗೆ,
ತಾಗಿದರೆ ಅಲ್ಲಿ ಬರೆದದ್ದು ಅಳಿಸಿಹೋಗುತ್ತದೆ.

ನನ್ನನ್ನೊಮ್ಮೆ ನೋಡಿ
ಬೆಂಕಿಪೊಟ್ಟಣ ಖಾಲಿ ಮಾಡಿದಳು.
ಒಂದು ತುಂಡು ಈ ಮೂಲೆಗೆ, ಇನ್ನೊಂದು ಆ ಮೂಲೆಗೆ,
ನಡುವೆ ಪರದೆಯದೇ ಒಂದು ಚೂರು ಬಟ್ಟೆ.