ನೊರೆ

ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಯವ
ಅಂಟುವಾಳ ತೂಗುತ್ತ
ತಕ್ಕಡಿಯ ಮುಳ್ಳು ಬಿಟ್ಟು ನನ್ನ ಮುಖ ನೋಡಿದ:
"ಬಂಗಾರ ತೊಳೆಯೋಕಾ ಮೇಡಂ?"
"ಅಲ್ಲ. ಪಾತ್ರೆಗೆ, ಬಟ್ಟೆಗೆ. ಆದರೆ ನೆಲಕ್ಕೂ."
"ಹಾಗಿದ್ರೆ ಎರಡು ಕೇಜಿ" ಎಂದು
ಕೇಳದೆಯೇ ಇನ್ನೊಂದು ಬೊಗಸೆ ಸುರಿದ.

ಇಂಚರಳ ಮೊಣಕೈ ಮಡಿಕೆಯಲ್ಲಿ
ಕುಂಕುಮ ತೀಡಿದ ಹಾಗೆ ಕೆಂಪು.
ಡಾಕ್ಟರು ಮುಲಾಮು ಬರೆದು, ಪೆನ್ನು ಮುಚ್ಚುತ್ತ
"ಮನೇಲಿ ಯಾವ ಸೋಪು?" ಅಂದಿದ್ದರು,
ಊಟ ಆಯ್ತಾ ಅಂತ ಕೇಳುವ ದನಿಯಲ್ಲಿ.
ಆ ರಾತ್ರಿ ಸಿಂಕಿನ ಕೆಳಗಿನದ್ದೆಲ್ಲ
ಬಾಲ್ಕನಿಗೆ ತಂದು ಸಾಲಾಗಿ ನಿಲ್ಲಿಸಿದೆ.
ನೀಲಿ, ಗುಲಾಬಿ, ಗಿಳಿಹಸಿರು,
ಮುರುಗೇಶಪಾಳ್ಯದ ಎರಡನೇ ಮಹಡಿಯಲ್ಲಿ
ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು!
ಬೆನ್ನ ಮೇಲೆ ಇರುವೆ ಹರಿದಂಥ ಅಕ್ಷರ.
ಅಷ್ಟುದ್ದದ ಹೆಸರುಗಳನ್ನು ನಾನು
ಲಗ್ನಪತ್ರಿಕೆಯಲ್ಲೂ ಓದಿರಲಿಲ್ಲ.

ಅತ್ತೆ ಮೂವತ್ತೆಂಟು ವರ್ಷ ವಾರ್ಡಿನಲ್ಲಿ ನರ್ಸು.
ಫಿನಾಯಿಲ್ ಮೂಗಿಗೆ ಹೊಡೆಯದಿದ್ದರೆ
ಅವರ ಪಾಲಿಗೆ ನೆಲ ಒರೆಸಿಯೇ ಇಲ್ಲ.
ನಿಂಬೆಸಿಪ್ಪೆ, ಬೆಲ್ಲ, ನೀರು ಕೂಡಿಸಿ ಮುಚ್ಚಿಟ್ಟ ಡಬ್ಬಿ
ಹದಿನೇಳನೆಯ ರಾತ್ರಿ ಢಬ್ಬೆಂದು ಬಾಯಿಬಿಟ್ಟಾಗ
ದಿವಾಕರ ಎದ್ದು ಓಡಿ ಗ್ಯಾಸ್ ಆರಿಸಿದ.
ಅತ್ತೆ ಮಲಗಿದಲ್ಲಿಂದಲೇ ಕೇಳಿದರು:
"ಇದೇನಾ ನಿನ್ನ ಕ್ಲೀನು?"

ಗೇಟಿನ ಹತ್ತಿರ ಗಾಡಿಯ ಮಾರಪ್ಪ
ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತಾನೆ.
ಒಂದು ತೂತಿಲ್ಲ. ಇಸ್ತ್ರಿ ಮಾಡಿ ತಂದಂಥ ಎಲೆ.
"ಯಾವ ನೀರಲ್ಲಿ ಬೆಳೆದದ್ದು?"
"ಕೆರೆ ನೀರಮ್ಮ."
"ಯಾವ ಕೆರೆ?"
ಗಾಡಿ ಮುಂದಿನ ಗೇಟಿಗೆ ಹೋಯಿತು.

ಭಾನುವಾರದ ಸಾವಯವ ಸಂತೆಯಲ್ಲಿ
ಅದೇ ದಂಟಿಗೆ ಮೂರು ಪಟ್ಟು,
ಎಲೆ ತುಂಬ ಹುಳು ಕೊರೆದ ಕಿಟಕಿ.
ಪಿಳ್ಳಮ್ಮ ಒಂದನ್ನೆತ್ತಿ ಬೆಳಕಿಗೆ ಹಿಡಿದು
ತೂತಿನೊಳಗಿಂದ ನನ್ನನ್ನೇ ನೋಡಿದಳು:
"ಅದು ತಿಂದು ಬಿಟ್ಟಿದ್ದಕ್ಕೂ ದುಡ್ಡು ಕೊಟ್ರಾ ಅಕ್ಕ?"

ನಮ್ಮ ಪಾತ್ರೆ ತೊಳೆಯುವವಳು ಪಿಳ್ಳಮ್ಮ, ಯಮಲೂರಿನವಳು.
ಅಂಟುವಾಳದ ಕಂದು ನೀರು ಕಂಡು
ಮೊದಲ ದಿನವೇ ಮುಖ ಗಂಟಿಕ್ಕಿದಳು.
"ಇಷ್ಟೇನಾ ನೊರೆ? ನೊರೆ ಬರದೆ ಜಿಡ್ಡು ಹೋಯ್ತು ಅಂತ
ಕೈ ಹೆಂಗೆ ನಂಬುತ್ತೆ?"
ನಾನು ಬುದ್ಧಿ ಹೇಳಲು ಹೊರಟೆ: ನೊರೆ ಅನ್ನೋದು ಬರೀ ತೋರಿಕೆ...
"ನೊರೆ ವಿಷ್ಯ ನಂಗೆ ಹೇಳ್ತೀರಾ?"
ಕೆರೆ ಉಕ್ಕಿ, ಕೋಡಿಯಲ್ಲಿ ಎದ್ದು, ಗಾಳಿಗೆ ಹಾರಿ
ಅವಳ ಬಾಗಿಲ ರಂಗೋಲಿಯ ಮೇಲೆ ಬಂದು ಕೂತದ್ದು,
ಮೋಡ ಬಂತು ಮೋಡ ಬಂತು ಎಂದು ಮೊಮ್ಮಗ
ಹಿಡಿಯಲು ಓಡಿದ್ದು, ಆ ನಾತ,
ಎಲ್ಲ ಹೇಳುತ್ತಲೇ ಕುಕ್ಕರಿನ ತಳ ಉಜ್ಜಿದಳು.

ಆಗ ಕಂಡಿತು ಅಂಗೈ.
ಬಿರುಕಿಗೆ ಮೆತ್ತಿದ ಅರಿಶಿನ ಕಪ್ಪಾಗಿತ್ತು.
ಐದು ವರ್ಷದಿಂದ ಆ ಕೈಗೇ ಟೀ ಲೋಟ ಕೊಡುತ್ತಿದ್ದೇನೆ.
ಮಗಳ ಮೊಣಕೈ ಒಂದೇ ಸಂಜೆಗೆ ಕಂಡಿತ್ತು ನನಗೆ.
"ಆರು ಮನೆ ಅಕ್ಕ. ಐದರಲ್ಲಿ ಪೌಡರ್ರು.
ನಿಮ್ಮನೇಲಿ ಕೈಗೆ ಅರ್ಧ ಗಂಟೆ ರಜ."

ಬಾಟಲಿಗೆ ತುಂಬಿ ಕೊಟ್ಟೆ,
ಉಳಿದ ಮನೆಗಳಿಗೂ ಒಯ್ಯಲಿ ಎಂದು.
ಒಯ್ದಳು. ಸೊಸೆಯ ತಲೆಗೆ ಹಾಕಿದಳಂತೆ.
"ರೇಷ್ಮೆ ಆಗೈತೆ ಕೂದ್ಲು. ಇನ್ನೊಂದು ಬಾಟ್ಲಿ?"

ಇಂಚರಳ ಕೆಂಪು ಇಳಿದಿದೆ, ಹೋಗಿಲ್ಲ.
ಮುಲಾಮೋ, ಅಂಟುವಾಳವೋ, ಚಳಿ ಕಳೆದದ್ದೋ,
ಆಣೆ ಮಾಡಿ ಹೇಳಲಾರೆ.
ಅತ್ತೆ ಬಚ್ಚಲಿಗೆ ಗುಟ್ಟಾಗಿ ಫಿನಾಯಿಲ್ ತರಿಸುತ್ತಾರೆ.
ವಾಸನೆಗೆ ಗುಟ್ಟು ಕಾಯಲು ಬರುವುದಿಲ್ಲ.

ಸಂಜೆ ಪಿಳ್ಳಮ್ಮ ಹೋದ ಮೇಲೆ
ಸಿಂಕಿನ ತೂತಿನಲ್ಲಿ ನೀರು
ಗುಳುಗುಳು ಇಳಿಯುವುದನ್ನು ಕೇಳುತ್ತ ನಿಲ್ಲುತ್ತೇನೆ.
ಅವಳಿನ್ನೂ ಬಸ್ಸಿಗೆ ಕಾಯುತ್ತಿರಬಹುದು.
ನಾವು ಚೆಲ್ಲಿದ್ದು
ಅವಳಿಗಿಂತ ಮೊದಲೇ ಮನೆ ಸೇರಿರಬಹುದು.